ಐವತ್ತೆಂಟು ಕುಟುಂಬಗಳನ್ನು ಅಳಿಸಿದ ಕೇತಕಿ

ಖಾನಾಪುರದ ಕೇತಕಿ ಎರಡು ವರ್ಷ ದಿನಾಲೂ ಬೆಳಗಿನ ಬಸ್ಸು ಹಿಡಿದು ಬೆಳಗಾವಿಗೆ ಬರುತ್ತಿದ್ದಳು. ನಗರದಲ್ಲಿ ಸ್ವಂತ ಮನೆಯಿಲ್ಲದವರಿಗೆ ಮನೆ ಕೊಡುವ ಯೋಜನೆಯೊಂದರ ಸಮೀಕ್ಷೆ ನಡೆದಿತ್ತು. ಅದರ ಮಾಹಿತಿಯನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಕೆಲಸ ಅವಳದು. ಕೈ ಚುರುಕು. ತಪ್ಪು ಮಾಡದವಳೆಂದು ಕಚೇರಿಯಲ್ಲಿ ಹೆಸರಾಗಿದ್ದಳು.

ಮನೆ ಸಿಗುವವರ ಕರಡು ಪಟ್ಟಿಯನ್ನು ಕಚೇರಿಯ ಗೋಡೆಗೆ ಅಂಟಿಸಿದ ಮರುದಿನ ಚಾಂದಬೀ ಎಂಬ ಮುದುಕಿ ಕಿಟಕಿಯ ಹತ್ತಿರ ಬಂದು ನಿಂತಳು. ಖಾಸಬಾಗದ ಆಚೆ, ನಾಲಾ ದಂಡೆಯ ಓಣಿಯವಳು. ಬಾಡಿಗೆಯ ಒಂದೇ ಕೋಣೆಯ ನಡುವೆ ಸೀರೆ ಕಟ್ಟಿ, ಆಚೆ ಮೈದುನನ ಸಂಸಾರ, ಈಚೆ ಇವಳು ಮತ್ತು ಗಂಡ ಸತ್ತ ಮಗಳು. ಸಮೀಕ್ಷೆಯವರು ಬಂದಾಗ ಹೆಸರು ಬರೆಸಿದ್ದಳು. ಪಟ್ಟಿಯಲ್ಲಿ ಇರಲಿಲ್ಲ.

ಕೇತಕಿ ಹುಡುಕಿದಳು. ಹೆಸರು ಸಿಕ್ಕಿದ್ದು ಅಳಿಸಿದ ದಾಖಲೆಗಳಲ್ಲಿ. ಒಂದೇ ಮನೆ ನಂಬರಿಗೆ ಎರಡನೇ ಕುಟುಂಬ ಬಂದರೆ ಕಂಪ್ಯೂಟರು ಅದನ್ನು ನಕಲು ಎಂದು ಕೆಂಪಾಗಿ ತೋರಿಸುತ್ತಿತ್ತು. ಕೆಂಪು ಬಂದದ್ದನ್ನು ತೆಗೆಯಿರಿ ಎಂದು ಮೇಲಿನವರು ಹೇಳಿದ್ದರು. ತೆಗೆದ ಪ್ರತಿ ಸಾಲಿನ ಮುಂದೆಯೂ ಅವಳದೇ ಲಾಗಿನ್ ಇತ್ತು. ಓಣಿವಾರು ಎಣಿಸಿದಳು. ಸ್ಥಿತಿವಂತರ ಟಿಳಕವಾಡಿಯಲ್ಲಿ ಎರಡು. ನಾಲಾ ದಂಡೆಯಲ್ಲಿ ಐವತ್ತೆಂಟು. ಇಕ್ಕಟ್ಟಿನಲ್ಲಿ ಬದುಕುವವರು ಆ ಇಕ್ಕಟ್ಟಿನ ಕಾರಣಕ್ಕೇ ಪಟ್ಟಿಯಿಂದ ಬಿದ್ದಿದ್ದರು.

ಪಟ್ಟಿಗೆ ಆಕ್ಷೇಪಣೆ ಸಲ್ಲಿಸಲು ಉಳಿದದ್ದು ನಾಲ್ಕು ದಿನ.

ಮೇಲ್ವಿಚಾರಕ ಶಶಿಧರ ಕೆಟ್ಟವನಲ್ಲ, ಅಂಜುಬುರುಕ. ಅವಳು ಎಣಿಕೆ ತೋರಿಸಿದಾಗ ಬಾಗಿಲು ಎಳೆದುಕೊಂಡು ದನಿ ತಗ್ಗಿಸಿದ. "ಅದರಾಗ ನಿಮ್ಮ ಲಾಗಿನ್ ಐತಿ. ಈ ಮಾತು ಎತ್ತಿದ್ರ ಮೊದಲು ನಿಮ್ಮ ಕೆಲಸಾನ ಹೋಗ್ತದ. ಸುಮ್ಮನಿರ್ರಿ."

ಆ ಸಂಜೆ ಅವಳು ಊರಿನ ಬಸ್ಸು ಬಿಟ್ಟು ನಾಲಾ ದಂಡೆಗೆ ಹೋದಳು. ಒಂದೇ ಬಾಗಿಲಾದರೂ ಸಂಸಾರ ಬೇರೆ ಎಂಬುದಕ್ಕೆ ಪುರಾವೆ ಬೇಕಿತ್ತು: ಬೇರೆ ರೇಷನ್ ಕಾರ್ಡು, ಇಲ್ಲವೆ ಬೇರೆ ಸಿಲಿಂಡರು. ಜನ ಹೊಸ್ತಿಲಲ್ಲೇ ತಡೆದರು. ಒಮ್ಮೆ ಬರೆಸಿದ್ದೇವೆ, ಮತ್ತೆ ಯಾಕೆ ಎಂದರು. ಚಾಂದಬೀ ಮುಂದೆ ಬಂದು, ತನ್ನ ಹೆಸರು ತೆಗೆದವರು ಯಾರು ಎಂದು ನೇರವಾಗಿ ಕೇಳಿದಳು.

ಕೇತಕಿ ಅವಳ ಕಡೆ ತಿರುಗಿದಳು. "ನಾನಽ ತಗದೀನ್ರಿ. ನಿಮ್ಮದು, ಇವರೆಲ್ಲಾರದೂ. ಒಂದ ಮನ್ಯಾಗ ಎರಡು ಒಲಿ ಇರತಾವು ಅಂತ ನನ್ನ ತಲ್ಯಾಗ ಬರಲಿಲ್ಲ."

ಒಬ್ಬ ಗಂಡಸು ಅವಳ ಕೈಯ ಕಾಗದಗಳನ್ನು ಕಿತ್ತುಕೊಂಡ. ಚಾಂದಬೀ ಅವನಿಂದ ಇಸಿದುಕೊಂಡು ಕೇತಕಿಯ ಕೈಗೇ ಮರಳಿ ಕೊಟ್ಟಳು.

"ಒಳಗ ಬಾ. ಈ ಸಲ ಕಣ್ಣಿಲೇ ನೋಡಿ ಬರಿ."

ಮೂರು ಸಂಜೆ ಹಿಡಿಯಿತು. ಕೊನೆಯ ದಿನ ಐವತ್ತೆಂಟು ಆಕ್ಷೇಪಣೆ ಅರ್ಜಿಗಳನ್ನೂ ಓಣಿವಾರು ಅಂಕಿಗಳ ಒಂದು ಹಾಳೆಯನ್ನೂ ಅವಳು ಅಧಿಕಾರಿಯ ಮುಂದಿಟ್ಟಳು. ಅವರು ಹಾಳೆಯನ್ನು ಎರಡು ಸಲ ಓದಿ, ಅಳಿಸಿದ್ದು ಯಾರು ಎಂದರು. ಶಶಿಧರ ನೆಲ ನೋಡುತ್ತಿದ್ದ. ತಾನೇ ಎಂದಳು ಕೇತಕಿ. ಅಳಿಸಲು ಹೇಳಿದ ನಿಯಮವನ್ನೂ ತಿಳಿಸಿದಳು. ಅವಧಿ ಮುಗಿಯಲು ಇಪ್ಪತ್ತು ನಿಮಿಷವಿತ್ತು. ಅಧಿಕಾರಿ ಸ್ವೀಕೃತಿಯ ಮುದ್ರೆಯನ್ನು ಹತ್ತಿರ ಎಳೆದುಕೊಂಡರು.

ಸ್ಥಳ ತಪಾಸಣೆಯ ಬಳಿಕ ನಲವತ್ತೇಳು ಕುಟುಂಬಗಳು ಪಟ್ಟಿಗೆ ಮರಳಿದವು, ಚಾಂದಬೀಯದೂ. ಹನ್ನೊಂದಕ್ಕೆ ಪುರಾವೆ ಸಾಲಲಿಲ್ಲ. ಕೇತಕಿಯ ಗುತ್ತಿಗೆ ಮುಂದುವರಿಯಲಿಲ್ಲ. ಕಾರಣವನ್ನು ಯಾರೂ ಬರೆದು ಕೊಡಲಿಲ್ಲ. ಈಗ ಖಾನಾಪುರದ ಪೇಟೆಯಲ್ಲಿ ಝೆರಾಕ್ಸ್ ಅಂಗಡಿಯೊಂದರಲ್ಲಿ ಕೂಡುತ್ತಾಳೆ. ಆ ಹನ್ನೊಂದು ಮನೆಯವರ ಮೇಲ್ಮನವಿಗಳನ್ನು ಅವಳೇ ಬರೆದಳು. ಎರಡು ಒಪ್ಪಿಗೆಯಾಗಿವೆ. ಒಂಬತ್ತಕ್ಕೆ ಇನ್ನೂ ಉತ್ತರ ಬಂದಿಲ್ಲ.