ಒಂದೇ ಬಾಟಲಿಗೆ ಸುರಿದ ಮದ್ದು

ನನ್ನ ಗಂಡನಿಗೆ ಅರ್ಧ ತುಂಬಿದ ಡಬ್ಬ ಕಂಡರೆ ಆಗುವುದಿಲ್ಲ. ಈ ಪರದೇಶದ ಹೆಂಡರ್ಸನ್ ಊರಿನ ನಮ್ಮ ಅಡುಗೆಮನೆಯಲ್ಲಿ ಹಳೇ ತೊಗರಿಬೇಳೆಯ ಮೇಲೆ ಹೊಸದನ್ನು ಸುರಿದು, ಖಾಲಿಯಾದ ಡಬ್ಬವನ್ನು ತೊಳೆದು ಬೋರಲು ಹಾಕಿದರೇ ಅವರಿಗೆ ನೆಮ್ಮದಿ. ಹಾಗೆ ಮಾಡಿದರೆ ಹೆಚ್ಚೆಂದರೆ ಬೇಳೆ ಒಂದಿಷ್ಟು ತಡವಾಗಿ ಬೇಯುತ್ತದೆ. ಹಾಗಾಗಿ ಇಷ್ಟು ವರ್ಷ ನಾನೂ ಸುಮ್ಮನಿದ್ದೆ.

ಗ್ಯಾರೇಜಿನ ಕಪಾಟು ಮಾತ್ರ ನನ್ನದು. ನಾನು ಆಸ್ಪತ್ರೆಯಲ್ಲಿ ನರ್ಸು. ರಜೆ ಸಿಕ್ಕಾಗ ಜಿಂಕೆ ಬೇಟೆಗೆ ಹೋಗುವವಳು, ಕೋವಿಯ ತೋಟಾಗಳಿಗೆ ಸಿಡಿಮದ್ದನ್ನು ನಾನೇ ತುಂಬಿಕೊಳ್ಳುವವಳು. ಆದರೂ ಕೋವಿ ಅಂಗಡಿಗೆ ಹೋದರೆ ಕೌಂಟರಿನವನು ಮದ್ದಿನ ವಿಷಯವನ್ನೆಲ್ಲ ನನ್ನ ಗಂಡನ ಮುಖ ನೋಡಿಕೊಂಡೇ ಹೇಳುತ್ತಾನೆ. ತೋಟಾದ ಯಾವ ತುದಿ ಮುಂದೆ ಎಂಬುದೂ ಗೊತ್ತಿಲ್ಲದ ಇವರು ತಲೆಯಾಡಿಸುತ್ತಾರೆ.

ಹೊಗೆಯಿಲ್ಲದ ಮದ್ದುಗಳು ಎಷ್ಟೋ ಸಲ ನೋಡಲು ಒಂದೇ ಥರ, ಬೂದು ಬಣ್ಣದ ಸಣ್ಣ ಕಡ್ಡಿಗಳು. ಉರಿಯುವ ವೇಗ ಮಾತ್ರ ಬೇರೆ. ನಿಧಾನವಾಗಿ ಉರಿಯುವುದು ಇರಬೇಕಾದ ತೋಟಾದಲ್ಲಿ ಬೇಗ ಉರಿಯುವುದು ಸೇರಿದರೆ ಕೋವಿಯೇ ಸಿಡಿಯಬಹುದು. ನನ್ನ ಜಿಂಕೆ ಕೋವಿಗೆ ಹೊಂದುವ ಮದ್ದು ಹುಡುಕಲು ಬೇಸಿಗೆಯಿಂದ ಚಳಿಗಾಲದವರೆಗೆ ಹಿಡಿಯಿತು. ಒಂದು ಬಿಸಿಲಲ್ಲಿ ಚೆನ್ನಾಗಿದ್ದು ಚಳಿಯ ಬೆಳಗ್ಗೆ ಕೈಕೊಟ್ಟಿತು. ಇನ್ನೊಂದು ಗುಂಡುಗಳನ್ನು ಗುರಿಹಾಳೆಯ ತುಂಬ ಚೆಲ್ಲಾಡಿತು. ಕೊನೆಗೆ ಒಂದು ಒಪ್ಪಿತು. ತೂತುಗಳು ಒಂದಕ್ಕೊಂದು ತಾಗಿಕೊಂಡು ಬಿದ್ದವು. ಅಷ್ಟರಲ್ಲಿ ಅಂಗಡಿಗಳಲ್ಲಿ ಅದು ಸಿಗುವುದೇ ನಿಂತಿತು. ಉಳಿದ ಅರ್ಧ ಬಾಟಲಿಯನ್ನು ಮಗಳ ಮೊದಲ ಬೇಟೆಗೆಂದು ಎತ್ತಿಟ್ಟಿದ್ದೆ.

ಬೇಟೆಗೆ ಮುಂಚೆ ಒಂದು ಭಾನುವಾರ ಅವಳಿಗೆ ಗುಂಡು ಹಾರಿಸುವ ರೇಂಜಿನಲ್ಲಿ ಅಭ್ಯಾಸ ಮಾಡಿಸಬೇಕಿತ್ತು. ಹಿಂದಿನ ದಿನ ತೋಟಾ ತುಂಬಲೆಂದು ಬಾಟಲಿ ಎತ್ತಿದರೆ ಕೈಗೆ ಭಾರವಾಗಿ ಬಂತು. ಮುಚ್ಚಳ ತೆಗೆದೆ. ಕಂಠದವರೆಗೆ ತುಂಬಿತ್ತು. ಮೊಲದ ಕೋವಿಗೆ ಬಳಸುವ, ಬೇಗ ಉರಿಯುವ ಮದ್ದಿನ ಬಾಟಲಿ ಪಕ್ಕದಲ್ಲಿರಲಿಲ್ಲ. ಗಂಡನನ್ನು ಕೂಗಿದೆ.

"ಎರಡೂ ಅರ್ಧರ್ಧ ಇತ್ತು ಕಣೇ, ಒಂದಕ್ಕೇ ಹಾಕ್ದೆ. ನೋಡು, ಶೆಲ್ಫಲ್ಲಿ ಎಷ್ಟು ಜಾಗ ಆಯ್ತು," ಎಂದರು ಬಾಗಿಲಲ್ಲಿ ನಿಂತು.

ಮೈಯೆಲ್ಲ ಉರಿದುಹೋಯಿತು. ಮದುವೆಯಾದಾಗಿನಿಂದ "ರೀ" ಎನ್ನುತ್ತಿದ್ದ ಬಾಯಿ ಏಕವಚನಕ್ಕೆ ಇಳಿಯಿತು.

"ನಾಳೆ ಇದನ್ನ ತುಂಬಿದ ಕೋವಿ ಯಾರ ಕೆನ್ನೆ ಹತ್ರ ಇರ್ತಿತ್ತು ಗೊತ್ತಾ ನಿನಗೆ? ನಿನ್ನ ಮಗಳ ಕೆನ್ನೆ ಹತ್ರ."

ಅವರ ಮುಖ ಬಿಳುಚಿಕೊಂಡಿತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಕೋಪವೂ ಇಳಿಯುತ್ತಿತ್ತೇನೋ.

"ಈಗ ಏನೂ ಆಗ್ಲಿಲ್ವಲ್ಲ. ನೀನೂ ಬೀಗ ಹಾಕ್ಕೋಬೇಕಿತ್ತು," ಎಂದರು.

ಏನೂ ಆಗಲಿಲ್ಲವಂತೆ. ವಾರ್ಡಿನಲ್ಲಿ ಹೆಸರು ಬರೆಯದ ಸಿರಿಂಜು ಸಿಕ್ಕರೆ, ಒಳಗೆ ಬರೀ ನೀರಿದ್ದರೂ ನಾವು ಎಸೆಯುತ್ತೇವೆ. ಇಲ್ಲಿ ಎರಡು ಬಾಟಲಿಯ ಮೇಲೂ ದಪ್ಪ ಅಕ್ಷರದಲ್ಲಿ ಹೆಸರಿತ್ತು. ಎಂಜಿನಿಯರಾದ ಇವರು ಅದನ್ನು ಓದಲಿಲ್ಲ. ಹೆಂಡತಿಯ ಹವ್ಯಾಸದಲ್ಲಿ ಓದುವಂಥದ್ದು ಏನಿರುತ್ತದೆ ಎಂದುಕೊಂಡರು. ನನ್ನ ಹೊಟ್ಟೆ ಉರಿದದ್ದು ಅದಕ್ಕೆ.

ಬೆರೆತ ಮದ್ದನ್ನು ನಮ್ಮ ಬೇಟೆ ಕ್ಲಬ್ಬಿನ ಹಿರಿಯರೊಬ್ಬರ ಕೈಗೆ ಕೊಟ್ಟು ಹಾಳುಮಾಡಿಸಿದೆ. ಕಪಾಟಿಗೆ ಬೀಗ ಜಡಿದೆ. ಸಿಕ್ಕ ಬೇರೆ ಮದ್ದನ್ನು ತಂದು ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ. ಗಂಡು ಜಿಂಕೆಗಳು ಕೂಗುವ, ಇಲ್ಲಿ ಬೇಟೆಗೆ ಹೇಳಿಮಾಡಿಸಿದ ಏಪ್ರಿಲ್ ಅದರಲ್ಲೇ ಕಳೆದುಹೋಯಿತು.

ಮೊನ್ನೆ ಕೊನೆಗೂ ಮಗಳನ್ನು ರೇಂಜಿಗೆ ಕರೆದುಕೊಂಡು ಹೋದೆ. ಇವರೂ ಚಿತ್ರಾನ್ನದ ಡಬ್ಬ ಹಿಡಿದು ಬಂದಿದ್ದರು. ಮಗಳು ಚಾಪೆಯ ಮೇಲೆ ಮಲಗಿ, ಕೋವಿಗೆ ಕೆನ್ನೆ ಆನಿಸುವ ಮೊದಲು ನನ್ನ ಕಡೆ ತಿರುಗಿದಳು. ನಾವು ಕನ್ನಡದಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅಕ್ಕಪಕ್ಕದವರಿಗೆ ತಿಳಿಯದಿರಲೆಂದು ಅದೊಂದನ್ನು ಕನ್ನಡದಲ್ಲಿ ಕೇಳಿದಳು.

"ಅಮ್ಮಾ, ಇದನ್ನ ಅಪ್ಪ ಮುಟ್ಟಿಲ್ಲ ತಾನೆ?"

"ಇಲ್ಲ ಪುಟ್ಟಾ," ಎಂದೆ.

ಹಿಂದೆಯೇ ನಿಂತು ಕೇಳಿಸಿಕೊಂಡ ಇವರು ಡಬ್ಬ ಹಿಡಿದುಕೊಂಡೇ ಕಾರಿನ ಕಡೆ ನಡೆದರು. ಪಾಪ ಅನಿಸಬೇಕಿತ್ತು. ಅನಿಸಲಿಲ್ಲ.