ಮರಳಲ್ಲಿ ಅರ್ಧ ಹೂತ ಮುಖ

ನಾನು ಓದು ನಿಲ್ಲಿಸಿದ್ದು 1992ರಲ್ಲಿ. ಪಿಯುಸಿ ಇಂಗ್ಲಿಷ್‌ನಲ್ಲಿ ಡುಮ್ಕಿ ಹೊಡೆದವನು ಮತ್ತೆ ಪರೀಕ್ಷೆ ಕಟ್ಟುವ ಗೋಜಿಗೇ ಹೋಗದೆ ಮಾಚೇನಹಳ್ಳಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಸಣ್ಣ ಫೌಂಡ್ರಿಯೊಂದಕ್ಕೆ ಸೇರಿಕೊಂಡೆ. ಇದೆಲ್ಲ ನೆನಪಾಗಲು ಕಾರಣ ಒಂದು ವಾಸನೆ. ಇವತ್ತು ಬೆಳಿಗ್ಗೆ ಟ್ರಂಕಿನ ತಳದಲ್ಲಿ ರೇಷನ್ ಕಾರ್ಡ್ ಹುಡುಕುತ್ತಿದ್ದಾಗ ಫೌಂಡ್ರಿಗೂ ಒಯ್ಯುತ್ತಿದ್ದ ಹಳೇ ಇಂಗ್ಲಿಷ್ ಪದ್ಯದ ಪುಸ್ತಕ ಸಿಕ್ಕಿತು. ಬಿಡಿಸಿದರೆ ಹಾಳೆಗಳ ಸಂದಿಯಿಂದ ಒಂದು ಚಿಟಿಕೆ ಕಪ್ಪು ಮರಳು ಉದುರಿತು, ಜೊತೆಗೆ ಸುಟ್ಟ ಕಾಕಂಬಿಯ ಘಾಟು. ಅಚ್ಚಿನ ಮರಳು ಹಿಡಿದು ನಿಲ್ಲಲಿ ಅಂತ ನಾವು ಅದಕ್ಕೆ ಕಾಕಂಬಿ ಕಲಸುತ್ತಿದ್ದೆವು. ಕಾದ ಕಬ್ಬಿಣ ಬಿದ್ದರೆ ಬೆಲ್ಲದ ಪಾಕ ಸೀದ ಹಾಗೆ ವಾಸನೆ. ಸಂಜೆ ನಾನು ಭದ್ರಾವತಿಯ ಮನೆಗೆ ಬಂದರೆ ನನ್ನ ಹೆಂಡತಿ ಒಳಗಿನಿಂದಲೇ, "ಜಿಲೇಬಿ ಅಂಗಡಿಯೋರು ಬಂದ್ರು" ಅನ್ನುತ್ತಿದ್ದಳು.

ಹನ್ನೆರಡು ವರ್ಷದಲ್ಲಿ ನಾನು ಅಚ್ಚು ಕಟ್ಟುವ ಮೇಸ್ತ್ರಿಯಾದೆ. ನನ್ನಂಥ ಕೆಲಸಗಾರ ಇಲ್ಲ ಅಂತ ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತಿದ್ದೆ, ಅವರಿಗೇಕೆ ತೊಂದರೆ? ನನ್ನದೊಂದು ಕಾನೂನಿತ್ತು. ನಾನು ಸರಿ ಅನ್ನುವವರೆಗೆ ಯಾರೂ ಅಚ್ಚು ಒಡೆಯಕೂಡದು. ಕಬ್ಬಿಣ ಮರಳಿನೊಳಗೇ ನಿಧಾನವಾಗಿ ಆರಬೇಕು, ಅವಸರ ಮಾಡಿದರೆ ಬಿರುಕು. ನನ್ನ ಕೈಕೆಳಗಿನ, ಆದರೆ ನನಗಿಂತ ಹತ್ತು ವರ್ಷ ದೊಡ್ಡವರಾದ ತಮಿಳಿನ ಆರುಮುಗಂ ಒಮ್ಮೆ ಕೇಳದೆ ಸುತ್ತಿಗೆ ಎತ್ತಿದ್ದಕ್ಕೆ ಒಂದು ವಾರ ಅವರ ಹತ್ತಿರ ಮಾತು ಬಿಟ್ಟಿದ್ದೆ.

2004ರಲ್ಲಿ ಓನರ್ ಕರೆದು ಹೇಳಿದರು: "ಸೂಪರ್‌ವೈಸರ್ ಜಾಗ ನಿಂಗೇ ಕೊಡೋ ಆಸೆ ಮಾರಾಯ. ಆದ್ರೆ ಪಿಯುಸಿ ಬೇಕು. ಈ ಸಲ ಪಾಸಾಗ್ಲಿಲ್ಲ ಅಂದ್ರೆ ಹೊರಗಿನೋರನ್ನ ತಗೋತೀನಿ, ಬೇಜಾರ್ ಮಾಡ್ಕೋಬೇಡ."

ನಾನು ಕಟ್ಟಿದ ಅಚ್ಚಿನ ಮೇಲೆ ಎಲ್ಲಿಂದಲೋ ಬಂದವನ ಮಾತು ನಡೆಯುವುದೇ! ಭಾನುವಾರ ಬಸ್ಸು ಹತ್ತಿ ಶಿವಮೊಗ್ಗದ ದುರ್ಗಿಗುಡಿಗೆ ಹೋದೆ. ಅಲ್ಲಿ ಸರೋಜಮ್ಮ ಅಂತ ರಿಟೈರ್ ಆದ ಇಂಗ್ಲಿಷ್ ಮೇಡಮ್ ಇದ್ದರು.

ಮೂರನೇ ಭಾನುವಾರ ಆ ಪದ್ಯ ಬಂತು. ಮರಳುಗಾಡಿನಲ್ಲಿ ಒಬ್ಬ ಮಹಾರಾಜನ ಮೂರ್ತಿ ಮುರಿದು ಬಿದ್ದಿದೆ. ಮುಖ ಮರಳಲ್ಲಿ ಅರ್ಧ ಹೂತಿದೆ, ಆದರೂ ಅದರ ದರ್ಪ ಇಳಿದಿಲ್ಲ. ಅಧಿಕಾರ ಶಾಶ್ವತವಲ್ಲ ಅಂತ ಗೈಡಿನಲ್ಲಿತ್ತು. ಮೇಡಮ್ ಗೈಡು ಮುಚ್ಚಿಸಿ, "ನಿಂಗೇನು ಕಾಣ್ಸುತ್ತೆ ಹೇಳಪ್ಪಾ" ಅಂದರು.

"ಈಗ ತಾನೇ ಅಚ್ಚು ಒಡೆದಿದ್ದಾರೆ ಮೇಡಮ್. ಮರಳು ಕೊಡವಿ ಉಜ್ಜಿದ್ರೆ ಕೆಲಸ ಮುಗೀತು."

ಅವರು ನಕ್ಕ ನಗುವಿಗೆ ಕಾಫಿ ಸೆರಗಿನ ಮೇಲೆ ಚೆಲ್ಲಿತು. "ಕಲ್ಲಿನ ಮೂರ್ತಿ ಕಣಪ್ಪಾ ಅದು! ಹಾಳಾಗಿ ಬಿದ್ದಿರೋದನ್ನ ನೀನು ಹುಟ್ಟಿಸ್ತಾ ಇದೀಯಲ್ಲ!"

ನೀವೇ ಹೇಳಿ, ನನ್ನ ತಪ್ಪೇನು? ದಿನಾ ಬೆಳಿಗ್ಗೆ ನಾನು ನೋಡುತ್ತಿದ್ದುದೇ ಮರಳಲ್ಲಿ ಅರ್ಧ ಹೂತ ಕಬ್ಬಿಣವನ್ನು. ನಮ್ಮಲ್ಲಿ ಎಲ್ಲವೂ ಹುಟ್ಟುವುದೇ ಹಾಗೆ. ಆದರೆ ನನಗೆ ಇನ್ನೊಂದು ಅನುಮಾನ ಹತ್ತಿತು. "ಶಿಲ್ಪಿ ಅಂಥ ದರ್ಪದ ಮುಖ ಕೆತ್ತಿದಾಗ ರಾಜ ಸುಮ್ನಿದ್ನಾ ಮೇಡಮ್?"

"ಅವನಿಗೆ ಅದು ಚಂದ ಅಂತಲೇ ಕಂಡಿರುತ್ತೆ," ಅಂದರು. ಆಮೇಲೆ ಪುಸ್ತಕ ಮುಚ್ಚಿ, "ನಿಮ್ ಫೌಂಡ್ರಿ ನೋಡ್ಬೇಕಲ್ಲಪ್ಪಾ ನಾನು."

ಶನಿವಾರ ಮಧ್ಯಾಹ್ನ ಬಂದೇ ಬಂದರು. ಅವತ್ತು ಬೆಳಿಗ್ಗೆಯಷ್ಟೇ ಎದೆಯೆತ್ತರದ ಒಂದು ಪುಲ್ಲಿಯನ್ನು, ಅಂದರೆ ಬೆಲ್ಟ್ ಓಡಿಸುವ ಚಕ್ರವನ್ನು, ಎರಕ ಹೊಯ್ದಿದ್ದೆವು. ಅದು ಮರುದಿನದವರೆಗೆ ಮರಳಲ್ಲೇ ಇರಬೇಕಿತ್ತು. ಮೇಡಮ್‌ಗೆ ನಾಲ್ಕೂವರೆಯ ಬಸ್ಸು. ಅಷ್ಟರೊಳಗೆ ಅವರಿಗೆ ತೋರಿಸಬೇಕು ಅಂತ ಅಚ್ಚು ಒಡೆಯಲು ಹೇಳಿದೆ.

"ಇನ್ನೂ ಆರಿಲ್ಲ ಮೇಸ್ತ್ರಿ, ವೇಣಾಂ, ಬೇಡ," ಅಂದರು ಆರುಮುಗಂ.

"ಒಡೀರಿ ಅಂದ್ರೆ ಒಡೀರಿ."

ಒಡೆದರು. ಮರಳು ಕುಸಿದು ಪುಲ್ಲಿ ಅರ್ಧ ಮೇಲೆ ಬಂತು, ಇನ್ನೂ ಮಂಕು ಕೆಂಪಗೆ. ಮೇಡಮ್ ಸೆರಗು ಮೂಗಿಗೆ ಹಿಡಿದು ಬಗ್ಗಿದರು. "ಅಯ್ಯೋ, ನೀನು ಹೇಳಿದ ಹಾಗೇ ಇದೆಯಲ್ಲೋ!" ನಾನು ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಟಣ್ ಅಂತು. ಸ್ವಲ್ಪ ತಡೆದು ಮತ್ತೊಮ್ಮೆ, ಟಣ್. ಎರಡು ಸ್ಪೋಕು ಬಿರಿದಿದ್ದವು.

ಎಲ್ಲರೂ ಪುಲ್ಲಿ ನೋಡುತ್ತಿದ್ದರು. ಮೇಡಮ್ ಮಾತ್ರ ನನ್ನ ಮುಖ ನೋಡುತ್ತಿದ್ದರು. ಅಲ್ಲಿ ಏನು ಕಂಡರೋ, ಇವತ್ತಿಗೂ ನನಗೆ ಕುತೂಹಲ. "ಏನಾಯ್ತಪ್ಪಾ?" ಅಂದರು ಮೆಲ್ಲಗೆ. ಮರಳಿನ ಮೇಲೆ, ಎರಕದವನ ಮೇಲೆ, ಯಾರ ಮೇಲಾದರೂ ತಪ್ಪು ಹಾಕಬಹುದಿತ್ತು. ಹಾಕಿದ ಅಭ್ಯಾಸವೂ ಇತ್ತು. "ಆರುಮುಗಂ ಬೇಡ ಅಂದಿದ್ರು ಮೇಡಮ್. ನಾನು ಕೇಳ್ಲಿಲ್ಲ," ಅಂದೆ.

ಆರುಮುಗಂ ಸುತ್ತಿಗೆ ಕೆಳಗಿಟ್ಟು, "ಮೇಸ್ತ್ರಿ, ಈಗ ನಾನು ಒಂದ್ ವಾರ ಮಾತು ಬಿಡ್ಬೇಕಾ?" ಅಂದರು. ಮೊದಲು ನಕ್ಕವನು ನಾನೇ.

ಪರೀಕ್ಷೆಯಲ್ಲಿ ಅದೇ ಪದ್ಯ ಬಂತು. ಗೈಡಿನ ಉತ್ತರ ನಾಲ್ಕು ಸಾಲು ಬರೆದು, ಉಳಿದ ಹಾಳೆ ತುಂಬಾ ನನ್ನ ಮುರುಕು ಇಂಗ್ಲಿಷ್‌ನಲ್ಲಿ ಪುಲ್ಲಿಯ ಕಥೆ ಬರೆದೆ. ಪೇಪರ್ ನೋಡಿದವರು ಏನಂದುಕೊಂಡರೋ, ಒಟ್ಟು ಮೂವತ್ತೇಳು ನಂಬರ್ ಕೊಟ್ಟು ಪಾಸು ಮಾಡಿದರು. ಸೂಪರ್‌ವೈಸರ್ ಆದೆ. ಕಾನೂನು ಅದೇ ಉಳಿಯಿತು, ಆದರೆ ಅಚ್ಚು ಒಡೆಯುವ ಮಾತನ್ನು ಆರುಮುಗಂಗೆ ಬಿಟ್ಟುಕೊಟ್ಟೆ. ಒಂಬತ್ತು ವರ್ಷ ಕಳೆದ ಮೇಲೆ ಫೌಂಡ್ರಿ ಮುಚ್ಚಿತು. ಈಗ ಅಲ್ಲಿ ಟೈಲ್ಸ್ ಗೋಡೌನ್ ಇದೆ.

"ಏನ್ರೀ ಅದು, ನೆಲವೆಲ್ಲ ಕಸ?" ಅಂತ ಹೆಂಡತಿ ಪೊರಕೆ ತಂದಳು. ತಡೆದೆ. ಉದುರಿದ್ದನ್ನು ಬೆರಳಲ್ಲಿ ಒತ್ತಿ ಒತ್ತಿ ತೆಗೆದು ಆ ಮಹಾರಾಜನ ಪದ್ಯದ ಪುಟಕ್ಕೆ ಹಾಕಿ ಮುಚ್ಚಿದೆ. ಈಗ ನನ್ನ ಹತ್ತಿರ ಇರುವುದು ಒಂದು ಮಾರ್ಕ್ಸ್ ಕಾರ್ಡು, ಬಾಗಿಲಿಗೆ ಆನಿಸಲು ಇಟ್ಟಿರುವ ಬಿರಿದ ಸ್ಪೋಕಿನ ತುಂಡು, ಭಾನುವಾರ ಫೋನ್ ಮಾಡಿ "ಏನ್ ಮೇಸ್ತ್ರಿ" ಅನ್ನುವ ಒಬ್ಬ ಆರುಮುಗಂ, ಮತ್ತೆ ಒಂದು ಚಿಟಿಕೆ ಮರಳು.