ಬಂಡೂರು ಕುರಿಗೆ ಭಾನುವಾರದ ಮೇವು

ಗೆಳೆಯರೇ, ನನ್ನ ಕುರಿ ಸಂಶೋಧನೆ ಶುರುವಾಗುವ ಮೊದಲೇ ಇವತ್ತು ಮುಗಿದಂತಾಯಿತು. ಬಂಡೂರು ಕುರಿಯ ತಳಿ ಉಳಿಸಲು ಸಹಾಯಧನ ಕೇಳಿ ನಮ್ಮ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ವರ್ಷವಾಗಿತ್ತು. ಮೊನ್ನೆ ಬಜೆಟ್ಟು ವಾಪಸ್ಸು ಬಂತು. ಭಾನುವಾರ ಕಚೇರಿಗೆ ರಜೆ, ಆದ್ದರಿಂದ ಆ ದಿನದ ಮೇವಿನ ಖರ್ಚು ಕೊಡಲಾಗದಂತೆ! ಭಾನುವಾರಗಳನ್ನೆಲ್ಲ ಕಳೆದು ಮತ್ತೆ ಬರೆದೆ. ಕುರಿ ಕೊಡಲು ಒಪ್ಪಿದ್ದ ನಿಂಗೇಗೌಡರ ಹೆಬ್ಬೆಟ್ಟು ಒತ್ತಿಸಲು ಇವತ್ತು ಬಂಡೂರಿಗೆ ಹೋದರೆ ದೊಡ್ಡಿ ಖಾಲಿ.

“ಯಾವ ಕುರಿ ಸ್ವಾಮಿ? ಮಿಲ್ಟ್ರಿಗೆ ಮಾಂಸ ಒದಗ್ಸೋ ಕಂಟ್ರಾಕ್ಟರು ಬೆಳಿಗ್ಗೆ ಬಂದು ಮಂದೇನೇ ಒಡ್ಕಂಡೋದ. ನೀವು ವರ್ಸದಿಂದ ಬರೀತಾನೇ ಇದ್ದೀರಿ. ಅವ್ನು ಒಂದಕ್ಸರಾನೂ ಬರೀನಿಲ್ಲ.”

“ಒಂದೂ ಉಳಿದಿಲ್ಲವೇ ಗೌಡರೇ?”

“ಮಾರಮ್ಮಂಗೆ ಬುಟ್ಟಿರೋ ಅರಕೆ ಟಗರು ಒಂದೈತೆ. ಅದ ಮಾರಂಗಿಲ್ಲ. ಬರೋ ಮಂಗಳವಾರ ಹಬ್ಬ. ಅಲ್ಲೀಗಂಟ ಬೇಕಾದ್ರೆ ನೋಡ್ಕಳಿ.”

ಅವರ ಜಗಲಿಯ ಮೇಲೆಯೇ ಕೂತು ಅರ್ಜಿ ತಿದ್ದಿದೆ. ‘ನಲವತ್ತು ಕುರಿ’ ಹೊಡೆದುಹಾಕಿ ‘ಟಗರು ಒಂದು’ ಎಂದು ಬರೆದೆ. ಸಂಶೋಧನೆಯ ಅವಧಿ ‘ಮೂರು ವರ್ಷ’ ಎಂದಿದ್ದದ್ದು ‘ಬರುವ ಮಂಗಳವಾರದವರೆಗೆ’ ಎಂದಾಯಿತು. ನಡುವೆ ಒಂದು ಭಾನುವಾರ ಬರುತ್ತದೆ. ಆ ದಿನದ ಮೇವು ನನ್ನ ಕೈಯಿಂದಲೇ.